ಐದನೇ ಮಹಡಿಯ ತೊಡೆಗಳು

ಸೆಪ್ಟೆಂಬರ್ 6, ಶನಿವಾರ

ಬಲದೊಡೆ 74 ಸೆಂಟಿಮೀಟರ್. ಎಡದೊಡೆ 75.

ಎರಡು ಸಲ ಅಳೆದೆ. ಮೂರನೇ ಸಲ ಟೇಪನ್ನು ಬಿಗಿಯಾಗಿ ಎಳೆದು 72 ಮಾಡಿದೆ. ಆಮೇಲೆ ನನಗೇ ನಾಚಿಕೆಯಾಗಿ ಸಡಿಲ ಬಿಟ್ಟೆ.

ಈ ಡೈರಿ ನಮ್ಮವರದು. ರೈಲ್ವೆಯಲ್ಲಿದ್ದಾಗ ಕಚೇರಿಯಿಂದ ತಂದದ್ದು. ಮೊದಲ ಮೂರು ಪುಟಗಳಲ್ಲಿ ಅವರ ಅಕ್ಷರವಿದೆ. ಅದನ್ನು ನಾನು ಓದಿಲ್ಲ, ಓದುವುದೂ ಇಲ್ಲ. ನಾಲ್ಕನೇ ಪುಟದಿಂದ ನನ್ನ ತೊಡೆಗಳು.

ಇಷ್ಟಕ್ಕೆಲ್ಲ ಕಾರಣ ಬೀಗಿತ್ತಿ ತಫೀದಾ. ಬೆಳಿಗ್ಗೆ ಫೋನು ಮಾಡಿ, ನನ್ನನ್ನು ಮಗಳು ರಬಾಬಳ ತಾಯಿ ಎಂದೇ ಕರೆದು, ಜೇನಿನಲ್ಲಿ ಅದ್ದಿದ ಮಾತು: "ಉಮ್ ರಬಾಬ್, ನೀವೇನೂ ತಲೆ ಕೆಡಿಸ್ಕೋಬೇಡಿ. ಹುಟ್ಟೋ ಮಗುವಿನ ಏಳನೇ ದಿನ ಕುಟ್ಟಾಣಿ ನಾನೇ ಕುಟ್ತೀನಿ. ನಿಮ್ಮ ಶುಬ್ರಾದಿಂದ ನಮ್ಮ ಇಂಬಾಬಾವರೆಗೆ ಬಂದು, ಆರು ಮಹಡಿ ಹತ್ತಿ... ಯಾಕೆ ಸುಮ್ನೆ? ಫೋನಲ್ಲೇ ನೋಡ್ಬಹುದಲ್ವಾ?"

ಫೋನಲ್ಲೇ ನೋಡಬೇಕಂತೆ! ಜರಡಿಯಲ್ಲಿ ಮಲಗಿಸಿದ ಕೂಸಿನ ಕಿವಿಯ ಹತ್ತಿರ ಹಿತ್ತಾಳೆ ಕುಟ್ಟಾಣಿ ಕುಟ್ಟಿ, "ಅಮ್ಮನ ಮಾತು ಕೇಳು, ಅಪ್ಪನ ಮಾತು ಕೇಳಬೇಡ" ಎಂದು ಮೊದಲ ಬುದ್ಧಿವಾದ ಹೇಳುವುದು ನಮ್ಮ ಮನೆಯಲ್ಲಿ ತಾಯಿಯ ತಾಯಿ. ನನ್ನ ಕಿವಿಗೆ ನಮ್ಮಜ್ಜಿ ಕುಟ್ಟಿದ್ದು. ರಬಾಬಳ ಕಿವಿಗೆ ನಮ್ಮಮ್ಮ. ಕುಟ್ಟಾಣಿಯೂ ಅದೇ, ಆರು ಕಿಲೋ ತೂಕದ್ದು, ನನ್ನ ಅಡುಗೆಮನೆಯಲ್ಲೇ ಇದೆ. ಈಗ ನನ್ನ ಮೊಮ್ಮಗುವಿನ ಕಿವಿಗೆ ಮೊದಲು ಬೀಳುವುದು ತಫೀದಾಳ ಧ್ವನಿಯೇ? ಆ ಧ್ವನಿಗೆ ಕಾಯಿಸಿಟ್ಟ ಹಾಲು ಒಡೆಯುತ್ತದೆ.

ಆದರೆ ಅವಳು ಹೇಳಿದ್ದರಲ್ಲಿ ಸುಳ್ಳೂ ಇಲ್ಲ, ಅದಕ್ಕೇ ಇಷ್ಟು ಉರಿ. ನಮ್ಮವರು ತೀರಿಕೊಂಡ ನಲವತ್ತನೇ ದಿನ ಸ್ಮಶಾನಕ್ಕೆ ಹೋಗಿ ಬಂದವಳು ಮೂರನೇ ಮಹಡಿಯಲ್ಲಿ ಕೂತುಬಿಟ್ಟೆ. ತೊಡೆಗಳು ಏಳಲೇ ಇಲ್ಲ. ಕೆಳಗಿನ ಚಹಾದಂಗಡಿಯಿಂದ ಕುರ್ಚಿ ತಂದು, ನಾಲ್ಕು ಜನ ಗಂಡಸರು ನನ್ನನ್ನು ಕೂರಿಸಿ ಹೊತ್ತರು. ನಾಲ್ಕನೇ ಮಹಡಿಯಲ್ಲಿ ಕುರ್ಚಿಯ ಕಾಲು ಮುರಿಯಿತು. ಅಕ್ಕಪಕ್ಕದ ಬಾಗಿಲುಗಳೆಲ್ಲ ತೆರೆದಿದ್ದವು. ಆ ದಿನದಿಂದ ನಾನು ಕೆಳಗಿಳಿದಿಲ್ಲ. ಒಂದು ವರ್ಷ ಹತ್ತು ತಿಂಗಳಾಯಿತು. ಇಳಿಯುವ ಅಗತ್ಯವೂ ಬಿದ್ದಿಲ್ಲ. ಬಾಲ್ಕನಿಯಿಂದ ಹಗ್ಗದಲ್ಲಿ ಬುಟ್ಟಿ ಇಳಿಬಿಟ್ಟರೆ ಅಂಗಡಿ ಬಯ್ಯೂಮಿ ತುಂಬಿ ಕಳಿಸುತ್ತಾನೆ. ಲಿಫ್ಟೇನೋ ಇದೆ. ಅದರೊಳಗೆ ಬೆಕ್ಕು ನಾಲ್ಕನೇ ಸಲ ಮರಿ ಹಾಕಿದೆ.

ಹೆರಿಗೆ ನವೆಂಬರ್ ಮಧ್ಯಕ್ಕೆ. ನಮ್ಮ ಮನೆಯಿಂದ ಇಳಿಯಲು ತೊಂಬತ್ತು ಮೆಟ್ಟಿಲು, ಮಗಳ ಮನೆಗೆ ಹತ್ತಲು ನೂರಿಪ್ಪತ್ತು. ನನ್ನ ದೇಹದ ಉಳಿದ ಭಾಗದ ಮೇಲೆ ನನಗೆ ಯಾವ ದೂರೂ ಇಲ್ಲ. ತಪ್ಪೆಲ್ಲ ತೊಡೆಗಳದು. ಕರಗಿಸಲೇಬೇಕು.

ಮೌಲಿದ್ ಹಬ್ಬದ ಎಳ್ಳುಮಿಠಾಯಿ ಅರ್ಧ ಡಬ್ಬ ಉಳಿದಿದೆ. ಅದು ಮುಗಿದ ಮೇಲೆ ಶುರು.

ಸಂಜೆ: ಮುಗಿಯಿತು.

ಸೆಪ್ಟೆಂಬರ್ 7, ಭಾನುವಾರ

ಫೋನಿನಲ್ಲಿ ಒಬ್ಬಳು ಹೆಂಗಸು ತೊಡೆ ಕರಗಿಸುವ ಉಪಾಯ ಹೇಳುತ್ತಾಳೆ. ಅವಳ ಎರಡು ತೊಡೆ ಸೇರಿದರೆ ನನ್ನ ಒಂದು ತೋಳಾದೀತು. ಕಾಫಿ ಪುಡಿಯನ್ನು ಎಣ್ಣೆಯಲ್ಲಿ ಕಲಸಿ ತೊಡೆಗೆ ಮೆತ್ತಿ, ಮೇಲೆ ಅಡುಗೆಮನೆಯ ಪ್ಲಾಸ್ಟಿಕ್ ಹಾಳೆ ಸುತ್ತಿ ಒಂದು ಗಂಟೆ ಬಿಡಬೇಕಂತೆ.

ಮೆತ್ತಿದೆ, ಸುತ್ತಿದೆ. ಹೆಜ್ಜೆಗೊಂದು ಚರ್ ಅನ್ನುತ್ತಿತ್ತು. ಅಷ್ಟರಲ್ಲಿ ಗ್ಯಾಸ್ ಸಿಲಿಂಡರಿನವನು ಬಂದ. ಉದ್ದನೆಯ ನಿಲುವಂಗಿ, ಗಲಾಬಿಯಾ, ಎಳೆದುಕೊಂಡು ಬಾಗಿಲು ತೆಗೆದೆ.

"ಏನಮ್ಮಾ, ಕಾಫಿ ಘಮಘಮ ಅಂತಿದೆ! ಐದು ಮಹಡಿ ಹತ್ತಿ ಬಂದಿದೀನಿ, ನನಗೂ ಒಂದು ಕಪ್ಪು ಸಿಗುತ್ತಾ?"

ಹೊಸ ಡಬ್ಬ ಒಡೆದು ಮಾಡಿಕೊಟ್ಟೆ. ಚರ್ ಚರ್ ಎಂದು ಅಡುಗೆಮನೆಗೆ ಹೋಗಿ, ಚರ್ ಚರ್ ಎಂದು ವಾಪಸು ಬಂದೆ. ಅವನು ಎಲ್ಲಿಂದ ಸದ್ದು ಎಂದು ಸಿಲಿಂಡರನ್ನೇ ಮೂರು ಸಲ ಅಲ್ಲಾಡಿಸಿ, ಸೋರುತ್ತಿಲ್ಲ ತಾನೇ ಎಂದು ಸೋಪಿನ ನೀರು ಹಾಕಿ ನೋಡಿದ.

ಬಲ 74. ಎಡ 75. ಒಳ್ಳೆಯ ಕಾಫಿ ಪುಡಿ ದಂಡ.

ಸೆಪ್ಟೆಂಬರ್ 9, ಮಂಗಳವಾರ

ನನ್ನ ಮಾನ ಇವತ್ತು ಎರಡನೇ ಮಹಡಿಯಲ್ಲಿ ಹರಾಜಾಯಿತು.

ಬುಟ್ಟಿ ಇಳಿಬಿಟ್ಟು, "ಬಯ್ಯೂಮೀ, ಎರಡು ಕಿಲೋ ಸೌತೆಕಾಯಿ!" ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದೆ. ಬುಟ್ಟಿಯ ಚೀಟಿಯಲ್ಲಿ ಮಾತ್ರ 'ಪಕ್ಕದ ಮಿಠಾಯಿ ಅಂಗಡಿಯಿಂದ ಬಸ್ಬೂಸಾ, ಅರ್ಧ ಕಿಲೋ, ತುಪ್ಪ ಇಳಿಯುವಂಥದ್ದು' ಎಂದು ಬರೆದಿದ್ದೆ. ವ್ರತ ಹಿಡಿದವಳಿಗೂ ಒಂದು ತುಂಡು ರವೆ ಸಿಹಿ ಬೇಡವೇ?

ಬುಟ್ಟಿ ಮೇಲೆ ಬರುತ್ತಿತ್ತು. ಎರಡನೇ ಮಹಡಿಯಲ್ಲಿ ಗಕ್ಕನೆ ನಿಂತಿತು. ಎಳೆದರೆ ಆ ಕಡೆಯಿಂದಲೂ ಎಳೆತ. ಬಗ್ಗಿ ನೋಡಿದೆ. ಮಾರ್ಸೆಲ್ ಟೀಚರು ಬುಟ್ಟಿಯನ್ನು ಬಾಲ್ಕನಿಗೆ ಸೆಳೆದುಕೊಂಡು ಪೊಟ್ಟಣ ಬಿಚ್ಚುತ್ತಿದ್ದಾಳೆ. ಮೂವತ್ತೊಂದು ವರ್ಷ ಹೆಣ್ಣುಮಕ್ಕಳ ಶಾಲೆಯಲ್ಲಿ ಆಟ ಆಡಿಸಿ ನಿವೃತ್ತಳಾದವಳು. ಎಪ್ಪತ್ತಾದರೂ ಬೆನ್ನು ಬಾಗಿಲ್ಲ, ಕುತ್ತಿಗೆಯ ಸೀಟಿ ಇಳಿದಿಲ್ಲ.

"ಇನ್ಶಿರಾಹ್! ಈ ಸೌತೆಕಾಯಿ ಯಾಕೆ ಸಕ್ಕರೆ ಪಾಕದಲ್ಲಿ ಮಿಂದು ಬಂದಿದೆ?"

"ಅದು ನೆಂಟರಿಗೆ, ಟೀಚರ್ರೇ!"

"ಯಾವ ನೆಂಟ್ರು? ನಿನ್ ಮನೆಗೆ ಪಾರಿವಾಳ ಬಿಟ್ರೆ ಇನ್ಯಾರು ಬರ್ತಾರೆ?"

ಹಗ್ಗ ಕೈಯಲ್ಲಿ ಹಿಡಿದುಕೊಂಡೇ ಎಲ್ಲ ಹೇಳಿಬಿಟ್ಟೆ. ಬೀಗಿತ್ತಿಯ ಫೋನು, ಕುಟ್ಟಾಣಿ, ಎಪ್ಪತ್ನಾಲ್ಕು, ಎಪ್ಪತ್ತೈದು. ಐದನೇ ಮಹಡಿಯಿಂದ ಎರಡನೇ ಮಹಡಿಗೆ ಕೇಳಬೇಕಲ್ಲ, ಗಟ್ಟಿಯಾಗಿಯೇ ಹೇಳಿದೆ. ಕೆಳಗೆ ಬೀದಿ ಇದೆ ಅನ್ನುವುದು ಮರೆತೇ ಹೋಗಿತ್ತು.

ಬಯ್ಯೂಮಿ ಕೆಳಗಿನಿಂದ ಕೈಯೆತ್ತಿ ಸಮಾಧಾನ ಹೇಳಿದ: "ಚಿಂತೆ ಮಾಡ್ಬೇಡಿ ಉಮ್ ರಬಾಬ್! ಎಪ್ಪತ್ತೈದು ಏನು ಮಹಾ? ನನ್ನ ಹೆಂಡ್ತೀದು ನೋಡ್ಬೇಕು ನೀವು!" ಅಂಗಡಿಯೊಳಗಿನಿಂದ ಒಂದು ಚಪ್ಪಲಿ ಹಾರಿ ಬಂತು.

ಬುಟ್ಟಿ ಕೊನೆಗೆ ಮೇಲೆ ಬಂದಾಗ ಅದರಲ್ಲಿ ನಿಜವಾಗಿಯೂ ಸೌತೆಕಾಯಿ ಇತ್ತು. ಒಂದೇ ಒಂದು.

ಸೆಪ್ಟೆಂಬರ್ 10, ಬುಧವಾರ

ಬೆಳಿಗ್ಗೆ ಏಳಕ್ಕೆ ಬಾಗಿಲ ಹೊರಗೆ ಸೀಟಿ.

"ನೋಡಿ ಟೀಚರ್ರೇ," ಎಂದೆ, "ನನಗೆ ತೊಡೆ ಮಾತ್ರ ಸಣ್ಣ ಮಾಡ್ಕೊಡಿ. ಮಿಕ್ಕಿದ್ದು ಹಾಗೇ ಇರ್ಲಿ."

"ಇದೇನು ದರ್ಜಿ ಅಂಗಡಿನಾ, ಬೇಕಾದಲ್ಲಿ ಮಾತ್ರ ಹಿಡಿದು ಹೊಲಿಯೋಕೆ? ಕರಗಿದ್ರೆ ಇಡೀ ಮನುಷ್ಯ ಕರಗ್ಬೇಕು. ಎಲ್ಲಿಂದ ಮೊದ್ಲು ಅನ್ನೋದು ಮೈಯ ಇಷ್ಟ, ನಿನ್ನಿಷ್ಟ ಅಲ್ಲ. ತೊಡೆಗೆ ಬಲ ಬರ್ಸೋದು ಮಾತ್ರ ನಮ್ ಕೈಲಿದೆ."

"ಎಷ್ಟು ದಿನ ಬೇಕು?"

"ಮೆಟ್ಟಿಲನ್ನ ಕೇಳು."

ನಿಯಮಗಳು ಹೀಗೆ. ಊಟಕ್ಕೆ ಮೂರು ರೊಟ್ಟಿಯ ಬದಲು ಒಂದು. ಚಹಾಕ್ಕೆ ನಾಲ್ಕು ಚಮಚ ಸಕ್ಕರೆಯ ಬದಲು ಒಂದು. ಎಣ್ಣೆಯಲ್ಲಿ ಕರಿದದ್ದು ಶುಕ್ರವಾರ ಮಾತ್ರ. ಬೆನ್ನನ್ನು ಗೋಡೆಗೆ ಒತ್ತಿ, ಕುರ್ಚಿಯೇ ಇಲ್ಲದೆ ಕುರ್ಚಿಯಲ್ಲಿ ಕೂತ ಹಾಗೆ ನಿಲ್ಲಬೇಕು. ಮಗ್ಗುಲಾಗಿ ಮಲಗಿ ಮೇಲಿನ ಕಾಲನ್ನು ಹತ್ತು ಸಲ ಎತ್ತಬೇಕು. ಆಮೇಲೆ ಕುರ್ಚಿ. ನನ್ನ ಹತ್ತಿರ ಕೈಯಿಲ್ಲದ ಕುರ್ಚಿ ಇರುವುದು ಅದೊಂದೇ, ಚಹಾದಂಗಡಿಯದು, ಮುರಿದ ಕಾಲಿಗೆ ಮೊಳೆ ಹೊಡೆಸಿದ್ದು.

"ಹತ್ತು ಸಲ ಕೂತು ಏಳು. ಕೈ ಊರಬಾರದು."

ನಾಲ್ಕು ಸಲ ಎದ್ದೆ. ಐದನೇ ಸಲ ಕೂತವಳು ಅಲ್ಲೇ ಸಂಸಾರ ಹೂಡಿದೆ.

ಸೆಪ್ಟೆಂಬರ್ 11

ನೋವು.

ಸೆಪ್ಟೆಂಬರ್ 12

ನೋವು. ಪಾಯಿಖಾನೆಯಲ್ಲಿ ಕೂತವಳು ಏಳಲು ನಲ್ಲಿ ಹಿಡಿದುಕೊಂಡೆ. ನಲ್ಲಿ ಕೈಗೇ ಬಂತು. ಈಗ ನೋವಿನ ಜೊತೆ ನೀರೂ ಇಲ್ಲ.

ಸೆಪ್ಟೆಂಬರ್ 14, ಭಾನುವಾರ

ನಾಲ್ಕನೇ ಮಹಡಿಗೆ ಇಳಿದು ಹತ್ತಿದೆ. ಹದಿನೆಂಟು ಮೆಟ್ಟಿಲು. ಕುರ್ಚಿಯ ಕಾಲು ಮುರಿದ ಜಾಗ ಬಂದಾಗ ಕಣ್ಣು ಮುಚ್ಚಿಕೊಂಡೆ. ಟೀಚರು, "ಕಣ್ಣು ಬಿಡು, ಬಿದ್ದು ಹೋಗ್ತೀಯ," ಎಂದಳು. ಬಿಟ್ಟೆ. ಬರೀ ನೆಲ. ಅದರ ಮೇಲೆ ಒಂದು ಬೆಕ್ಕು.

ಸೆಪ್ಟೆಂಬರ್ 27, ಶನಿವಾರ

ಬಲ 74. ಎಡ 74. ಎರಡೂ ಸಮ ಆದವು! ಅದೊಂದು ಸಾಧನೆ. ಮೂರನೇ ಮಹಡಿಗೆ ದಿನಾ ಎರಡು ಸಲ ಇಳಿದು ಹತ್ತುತ್ತಿದ್ದೇನೆ.

ಬೀಗಿತ್ತಿಯ ಫೋನು ಮತ್ತೆ ಬಂತು. "ಒಂದು ಏರ್ಪಾಡು ಮಾಡಿದೀನಿ ಉಮ್ ರಬಾಬ್. ನಮ್ ಬೀದೀಲಿ ನಾಲ್ಕು ಜನ ಗಟ್ಟಿಮುಟ್ಟಾದ ಗಂಡಸ್ರಿದಾರೆ, ಫ್ರಿಜ್ಜು ಹೊರೋರು. ಒಂದು ಗೀರೂ ಬೀಳದ ಹಾಗೆ ಆರನೇ ಮಹಡಿಗೆ ಹತ್ತಿಸ್ತಾರೆ. ನೀವು ಕುರ್ಚೀಲಿ ಸುಮ್ನೆ ಕೂತ್ರೆ ಸಾಕು."

"ದೇವರು ನಿಮ್ಮನ್ನ ಚೆನ್ನಾಗಿಟ್ಟಿರ್ಲಿ," ಎಂದು ಫೋನಿಟ್ಟೆ. ಆಮೇಲೆ ಅಡುಗೆಮನೆಗೆ ಹೋಗಿ ಖಾಲಿ ಕುಟ್ಟಾಣಿಯನ್ನು ಐದು ನಿಮಿಷ ಕುಟ್ಟಿದೆ.

ಸಂಜೆ ರಬಾಬ್ ಮಾತಾಡಿದಳು. ಮೊದಲು ವಾರಕ್ಕೊಮ್ಮೆ ಬರುತ್ತಿದ್ದಳು. ಈಗ ಅವಳೇ ಮೆಟ್ಟಿಲಿಳಿಯಬಾರದೆಂದು ಡಾಕ್ಟರು ಹೇಳಿದ್ದಾರೆ.

"ಅಮ್ಮಾ, ನೀನು ಬರ್ತೀಯ ಅಲ್ವಾ? ಅಪ್ಪ ಇಲ್ಲ. ನೀನೂ ಬರ್ಲಿಲ್ಲ ಅಂದ್ರೆ ಆ ಮನೆತುಂಬ ಜನದಲ್ಲಿ ನನ್ನ ಕಡೆಯವರು ಅಂತ ಯಾರಿರ್ತಾರೆ?"

"ಬರ್ತೀನಿ ಕಣೇ."

"ನಡ್ಕೊಂಡು?"

"ಇಲ್ಲ, ಹಾರ್ಕೊಂಡು! ಹೋಗಿ ಮಲ್ಕೋ."

ಇವತ್ತು ಕುರ್ಚಿಯಲ್ಲಿ ಹನ್ನೆರಡು ಸಲ ಕೂತು ಎದ್ದೆ. ಸಿಟ್ಟು ಬಂದರೆ ತೊಡೆ ಚೆನ್ನಾಗಿ ಏಳುತ್ತದೆ.

ಅಕ್ಟೋಬರ್ 5, ಭಾನುವಾರ

ಎರಡನೇ ಮಹಡಿ. ಮಾರ್ಸೆಲ್ ಟೀಚರ ಮನೆಯಲ್ಲಿ ಚಹಾ ಕುಡಿದೆ. ಅಡುಗೆಮನೆಯ ಕಪಾಟಿನಲ್ಲಿ ಖಾಲಿ ಬಸ್ಬೂಸಾ ಪೊಟ್ಟಣಗಳು ಮಡಚಿಟ್ಟದ್ದು ನೋಡಿದೆ. ಏಳು. ಬುಟ್ಟಿಯಲ್ಲಿ ತರಿಸಿ ನನಗೆ ಮುಟ್ಟದೇ ಹೋದ ನನ್ನವೇ ಏಳೂ!

"ಸಾಕ್ಷಿ ನಾಶ ಮಾಡ್ಬೇಕಲ್ವಾ?" ಎಂದಳು. ಒಂದು ವಾರ ಮಾತಾಡಿಸಬಾರದೆಂದು ನಿಶ್ಚಯಿಸಿದ್ದೇನೆ.

ಅಕ್ಟೋಬರ್ 6

ಮಾತಾಡಿದೆ. ಅವಳಿಲ್ಲದೆ ಎಣಿಕೆ ತಪ್ಪುತ್ತದೆ.

ಅಕ್ಟೋಬರ್ 14, ಮಂಗಳವಾರ

ತೂಕ ನೋಡಬೇಕಿತ್ತು. ಇಡೀ ಕಟ್ಟಡದಲ್ಲಿ ನನ್ನನ್ನು ತಡೆಯುವ ತಕ್ಕಡಿ ಇಲ್ಲ. ಇರುವುದು ಬಯ್ಯೂಮಿಯ ಆಲೂಗೆಡ್ಡೆ ಮೂಟೆ ತೂಗುವ ತಕ್ಕಡಿ, ಅದು ಮೇಲೆ ಬರುವುದಿಲ್ಲ. ಹಾಗಾಗಿ ನಾನೇ ಹೋದೆ.

ಷಟರ್ ಎಳೆಸಿದೆ. ಬಯ್ಯೂಮಿಯನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿದೆ. ಎರಡು ಮೂಟೆಗಳ ನಡುವೆ ತಕ್ಕಡಿ ಹತ್ತಿದೆ. ಟೀಚರು ಕನ್ನಡಕ ಹಾಕಿಕೊಂಡು ಓದಿದಳು: "ತೊಂಬತ್ತೆಂಟು!" ಆಸ್ಪತ್ರೆಯ ಹಳೆಯ ಕಾಗದದಲ್ಲಿ ನೂರಾ ಮೂರಿತ್ತು.

ಗೋಡೆಯ ಕಡೆಯಿಂದ ದನಿ ಬಂತು: "ಚೀಲದ ತೂಕ ಕಳೀಬೇಕಾ ಅಮ್ಮಾ?"

"ಯಾವ ಚೀಲನೋ?"

"ನಿಮ್ ಗಲಾಬಿಯಾ."

ಒಂದು ಈರುಳ್ಳಿ ತೆಗೆದು ಎಸೆದೆ. ಬೆನ್ನಿಗೇ ಬಿತ್ತು.

ಹೊರಗೆ ಬಂದರೆ ಬೀದಿಯೇ ಬದಲಾಗಿದೆ. ಚಹಾದಂಗಡಿಗೆ ಹಸಿರು ಬಣ್ಣ ಬಳಿದಿದ್ದಾರೆ. ದರ್ಜಿ ಹಲ್ಲು ಕಟ್ಟಿಸಿಕೊಂಡಿದ್ದಾನೆ. ಆ ದಿನದ ಸಂಗತಿ ಎತ್ತಿ ಎಲ್ಲರೂ ನಗುತ್ತಾರೆಂದು ಹೆದರಿದ್ದೆ. ಯಾರೂ ಎತ್ತಲಿಲ್ಲ. ಚಹಾದಂಗಡಿಯವನು ಮಾತ್ರ ಮೆಲ್ಲಗೆ ಕೇಳಿದ: "ಅಮ್ಮಾ, ನಮ್ಮದೊಂದು ಕುರ್ಚಿ ನಿಮ್ ಹತ್ರ ಇದೆ, ಅಲ್ವಾ?"

ಐದು ಕಿಲೋ ಇಳಿದರೂ ತೊಡೆ 73. ಒಂದೇ ಸೆಂಟಿಮೀಟರ್! ಉಳಿದದ್ದೆಲ್ಲ ಎಲ್ಲಿಂದ ಹೋಯಿತೋ. ಮುಖದಿಂದ ಎನ್ನುತ್ತಾಳೆ ಟೀಚರು. ಮುಖದಿಂದ ಯಾರು ಮೆಟ್ಟಿಲು ಹತ್ತುತ್ತಾರೆ?

ಅಕ್ಟೋಬರ್ 21, ಮಂಗಳವಾರ

ಇವತ್ತು ಡೈರಿಯ ಮೊದಲ ಮೂರು ಪುಟ ಓದಿದೆ. ಯಾಕೆ ಓದಿದೆನೋ ಗೊತ್ತಿಲ್ಲ, ಗೋಡೆಗೊರಗಿ ನಿಂತಾಗ ಹೊತ್ತು ಹೋಗಲೆಂದು ಕೈಗೆತ್ತಿಕೊಂಡೆ, ಪುಟ ತಾನಾಗಿ ತೆರೆಯಿತು.

ಏನೋ ಎಂತೋ ಎಂದು ಎರಡು ವರ್ಷ ಹೆದರಿದ್ದೆ. ಬರೀ ಸಾಮಾನಿನ ಪಟ್ಟಿ. ಮೊದಲ ಪುಟ: 'ಟೊಮೇಟೊ. ಬ್ಲೇಡು. ಇನ್ಶಿರಾಹ್‌ಗೆ ಬಸ್ಬೂಸಾ.' ಎರಡನೇ ಪುಟ: 'ಬಲ್ಬು. ಚೀಸು. ಇನ್ಶಿರಾಹ್‌ಗೆ ಬಸ್ಬೂಸಾ.' ಮೂರನೇ ಪುಟ: 'ಇನ್ಶಿರಾಹ್‌ಗೆ ಬಸ್ಬೂಸಾ. ಬುಟ್ಟಿಯಲ್ಲಿ ಕಳಿಸಬಾರದು, ಕೈಯಲ್ಲೇ ಒಯ್ಯಬೇಕು. ಎರಡನೇ ಮಹಡಿಯಲ್ಲಿ ಮಾರ್ಸೆಲ್ ಇದ್ದಾಳೆ.'

ನಗು ಬಂತು. ನಗುತ್ತಾ ನಗುತ್ತಾ ಅತ್ತೆ. ಗೋಡೆಗೊರಗಿ ಎಷ್ಟು ಹೊತ್ತು ನಿಂತಿದ್ದೆನೋ, ಟೀಚರು ಕೇಳಿದರೆ ಮೂರು ನಿಮಿಷ ಎಂದು ಬರೆದುಕೊಳ್ಳಲಿ.

ನವೆಂಬರ್ 3, ಸೋಮವಾರ

ತೊಡೆ 73. ಈ ಜನ್ಮದಲ್ಲಿ 72 ಆಗುವುದಿಲ್ಲ.

ಬಾಣಂತಿಗೆ ಕುಡಿಸುವ ಮುಘಾತ್ ಕಾಯಿಸಲು ಪುಡಿ, ತುಪ್ಪ, ಎಳ್ಳು ತರಲು ಪೇಟೆಗೆ ಹೋಗಿದ್ದೆ. ಏಳನೇ ದಿನ ಹಂಚಲು ಕಡಲೆಕಾಯಿ, ಬಣ್ಣದ ಪೊಟ್ಟಣಗಳನ್ನೂ ತಂದೆ. ಆ ಮುಘಾತ್ ಪುಡಿಯವನ ಜೊತೆ ಅರ್ಧ ಗಂಟೆ ಜಗಳವಾಡಿದೆ, ಹೋದ ವರ್ಷದ ಹಳೇ ಪುಡಿ ಕಟ್ಟಿಕೊಡುತ್ತಾನೆ ಕಳ್ಳ! ಮನೆಗೆ ಬಂದು ಅಳೆದರೆ ಮತ್ತೆ 73. ಬೇಜಾರಾಗಿ ಬೇರೇನೂ ಬರೆಯಲು ಮನಸ್ಸಿಲ್ಲ.

ನವೆಂಬರ್ 12, ಬುಧವಾರ

ಗಂಡು! ಮೂರೂಕಾಲು ಕಿಲೋ. ರಬಾಬ್ ಚೆನ್ನಾಗಿದ್ದಾಳೆ. ಬಾಲ್ಕನಿಯಲ್ಲಿ ನಿಂತು ಖುಷಿಯ ಝಗರೂತಾ ಕೂಗಿದೆ, ಬೀದಿಯ ಹೆಂಗಸರೆಲ್ಲ ನಾಲಗೆ ಆಡಿಸಿ ಮಾರುತ್ತರ ಕೊಟ್ಟರು. ಬಯ್ಯೂಮಿ ತಾನಾಗಿ ಬುಟ್ಟಿಗೆ ಬಸ್ಬೂಸಾ ಹಾಕಿದ. ಎರಡನೇ ಮಹಡಿಯಲ್ಲಿ ಅದು ನಿಲ್ಲಲಿಲ್ಲ. ಮಾರ್ಸೆಲ್ ಟೀಚರು ಬಾಲ್ಕನಿಯಲ್ಲೇ ಇದ್ದಳು, ಆಕಾಶ ನೋಡುತ್ತಿದ್ದಳು.

ನವೆಂಬರ್ 18, ಮಂಗಳವಾರ

ಸಿಟ್ಟು ಇನ್ನೂ ಇಳಿದಿಲ್ಲ. ಕ್ರಮವಾಗಿ ಬರೆಯುತ್ತೇನೆ.

ತೊಂಬತ್ತು ಮೆಟ್ಟಿಲು ಇಳಿದೆ. ಟೀಚರು ಜೊತೆಗೆ ಬಂದಳು, ಸೀಟಿ ಸಮೇತ. ಟ್ಯಾಕ್ಸಿಯಲ್ಲಿ ಕುಟ್ಟಾಣಿಯನ್ನು ತೊಡೆಯ ಮೇಲಿಟ್ಟುಕೊಂಡಿದ್ದೆ. ಅದರ ಗುಂಡು ಬಿದ್ದುಹೋಗದಿರಲೆಂದು ಕೈಗೆ ಸಿಕ್ಕ ಹೊಲಿಗೆ ಟೇಪಿನಿಂದಲೇ ಬಿಗಿದು ಕಟ್ಟಿದ್ದೆ. ಇಂಬಾಬಾದಲ್ಲಿ ಇಳಿದು ಆ ಕಟ್ಟಡವನ್ನು ನೋಡಿದೆ. ಕತ್ತೆತ್ತಿದರೆ ತಲೆಯ ಮೇಲಿನ ಬಟ್ಟೆ ಜಾರುವಷ್ಟು ಎತ್ತರ. ಬಾಗಿಲಲ್ಲಿ ಫ್ರಿಜ್ಜಿನ ನಾಲ್ವರು ಕುರ್ಚಿ ಹಿಡಿದು ನಿಂತಿದ್ದರು. ನನ್ನನ್ನು ಮೇಲಿನಿಂದ ಕೆಳಗಿನವರೆಗೆ ಕಣ್ಣಲ್ಲೇ ತೂಗಿದರು.

"ಕುರ್ಚಿ ಯಾರಿಗೆ?" ಎಂದೆ.

"ಬಾಣಂತಿಯ ತಾಯಿಗೆ."

"ಅವರು ಹಿಂದೆ ಬರ್ತಿದಾರೆ. ಇಲ್ಲೇ ಕಾಯ್ತಿರಿ," ಎಂದು ಒಳಗೆ ನಡೆದೆ.

ಅಷ್ಟರಲ್ಲಿ ಮೇಲಿನಿಂದ ತಫೀದಾಳ ಕೂಗು: "ಆ ಕುಟ್ಟಾಣಿ ಭಾರ ಯಾಕೆ ಹೊರ್ತೀರ? ಬುಟ್ಟಿ ಬಿಡ್ತೀನಿ, ಅದರಲ್ಲಿಡಿ!" ರಬಾಬಳ ಬಾಲ್ಕನಿಯಿಂದ ಬುಟ್ಟಿ ಇಳಿಯಿತು. ಬುಟ್ಟಿ ಕಂಡರೆ ನನ್ನ ಕೈ ಕೇಳುತ್ತದೆಯೇ? ಹುಟ್ಟಿದಾಗಿನಿಂದ ಬುಟ್ಟಿ ಬಂದರೆ ತುಂಬಿ ಕಳಿಸುವುದೇ ಅಭ್ಯಾಸ. ಕುಟ್ಟಾಣಿ ಇಟ್ಟೆ. ಅದು ಗಾಳಿಯಲ್ಲಿ ತೂಗಾಡುತ್ತ ಮೇಲೆ ಹೋಯಿತು. ಆಗಲೂ ನನಗೆ ಹೊಳೆಯಲಿಲ್ಲ.

ಒಂದನೇ ಮಹಡಿ ದಾಟಿದೆ. ಎರಡನೆಯದು ದಾಟಿ ಕಂಬಿ ಹಿಡಿದು ಉಸಿರು ತೆಗೆದುಕೊಳ್ಳುತ್ತಿದ್ದೆ. ಮೇಲಿನಿಂದ ಸದ್ದು ಬಂತು.

ಟಣ್. ಟಣ್. ಟಣ್.

ನಮ್ಮಜ್ಜಿಯ ಕುಟ್ಟಾಣಿ! ನನ್ನ ಕುಟ್ಟಾಣಿಯ ಸದ್ದನ್ನು ನಾನು ಸಾವಿರದಲ್ಲಿ ಗುರುತಿಸುತ್ತೇನೆ. ಅದರ ಹಿಂದೆಯೇ ಹಾಲು ಒಡೆಯುವ ಆ ಧ್ವನಿ: "ಅಜ್ಜಿ ತಫೀದಾ ಮಾತು ಕೇಳು ಕಂದಾ, ಅಜ್ಜಿ ತಫೀದಾ..."

"ಟೀಚರ್ರೇ!" ಎಂದೆ.

"ಓಡು!" ಎಂದು ಸೀಟಿ ಊದಿದಳು.

ಮುಂದೆ ಏನಾಯಿತೋ ಸರಿಯಾಗಿ ನೆನಪಿಲ್ಲ. ಮೂರನೇ ಮಹಡಿಯಲ್ಲಿ ಒಂದು ಸೈಕಲ್ಲು ಅಡ್ಡ ಇತ್ತು, ದಾಟಿದೆ. ನಾಲ್ಕನೆಯದರಲ್ಲಿ ಬಾಗಿಲು ತೆಗೆದ ಹೆಂಗಸೊಬ್ಬಳು "ಬೆಂಕಿ ಬಿತ್ತಾ?" ಎಂದು ಕಿರುಚಿದಳು. ಬಾಯ್ತುಂಬ ಬೈಗುಳ ಇತ್ತು, ಒಂದನ್ನೂ ಆಡಲಿಲ್ಲ, ಉಸಿರು ಉಳಿಸಬೇಕಿತ್ತು. ಟೀಚರ ಸೀಟಿ ಕೆಳಗೆ ಕೆಳಗೆ ಉಳಿಯುತ್ತ ಹೋಯಿತು. ಆರನೇ ಮಹಡಿಯ ಬಾಗಿಲು ತೆರೆದೇ ಇತ್ತು. ನುಗ್ಗಿದೆ.

ಮನೆತುಂಬ ಹೆಂಗಸರು. ಜರಡಿಯಲ್ಲಿ ಕೂಸು. ಅದರ ತಲೆಯ ಹತ್ತಿರ ಗುಂಡು ಎತ್ತಿ ಹಿಡಿದ ತಫೀದಾ, ಕುತ್ತಿಗೆಗೆ ನನ್ನ ಹೊಲಿಗೆ ಟೇಪು ನೇತುಹಾಕಿಕೊಂಡು. ನನ್ನನ್ನು ಕಂಡು ಗುಂಡು ಕೈಯಲ್ಲೇ ನಿಂತಿತು.

"ಇಷ್ಟು ಬೇಗ ಹೇಗೆ... ಈಗ ತಾನೇ ಕೆಳಗಿದ್ರಲ್ಲ!"

"ಇತ್ಲಾಗೆ ಕೊಡಿ."

"ಸದ್ದು ಸರಿಯಾಗಿ ಬರುತ್ತಾ ಅಂತ ನೋಡ್ತಿದ್ದೆ, ಅಷ್ಟೇ..."

"ಮೂರು ತಲೆಮಾರಿನಿಂದ ಬರ್ತಿದೆ. ಕೊಡಿ."

ಕೊಟ್ಟಳು. ರಬಾಬ್ ಹಾಸಿಗೆಯಿಂದ, "ಅಮ್ಮಾ, ನೀನು ಓಡಿ ಬಂದ್ಯಾ?" ಎಂದು ಅಳಲು ಶುರು ಮಾಡಿದಳು. ಹಸಿ ಬಾಣಂತಿ, ಇವಳಿಗೆ ಎಲ್ಲದಕ್ಕೂ ಅಳು. ನಾನು ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು ಕುಟ್ಟಿದೆ. "ಅಮ್ಮನ ಮಾತು ಕೇಳು. ಅಪ್ಪನ ಮಾತು ಕೇಳಬೇಡ." ಅಳಿಯ ಬಾಗಿಲಲ್ಲಿ ನಿಂತು ತಲೆಯಾಡಿಸಿದ. "ಅಜ್ಜಿ ಇನ್ಶಿರಾಹ್ ಮಾತು ಕೇಳು." ಕೂಸು ಒಂದು ಕಣ್ಣು ಬಿಟ್ಟು, ಆಕಳಿಸಿ, ಮತ್ತೆ ಮುಚ್ಚಿತು. ನನ್ನ ಮಾತು ಕೇಳಿಸಿತು ಅದಕ್ಕೆ, ನನಗೆ ಗೊತ್ತು.

ಆಮೇಲೆ ರಬಾಬ್ ಪದ್ಧತಿಯಂತೆ ಕೂಸಿನ ಜರಡಿಯನ್ನು ಏಳು ಸಲ ದಾಟಿದಳು. ಹೆಸರಿಡಲು ಮೂರು ಮೇಣದಬತ್ತಿ ಹಚ್ಚಿದ್ದರು, ಒಂದೊಂದಕ್ಕೆ ಒಂದೊಂದು ಹೆಸರು. ಕೊನೆಯವರೆಗೂ ಉರಿದದ್ದೇ ಮಗುವಿನ ಹೆಸರು. ಎರಡು ಆರಿದವು. ಉರಿದದ್ದು ನಮ್ಮವರ ಹೆಸರಿನದು. ಸಾಬಿರ್. ಆ ಬತ್ತಿ ಉಳಿದ ಎರಡರ ದುಪ್ಪಟ್ಟು ದಪ್ಪ ಇತ್ತು. ಅದನ್ನು ತಂದವರು ಯಾರೆಂದು ಅಳಿಯನನ್ನು ಕೇಳಿದೆ. ಅವನು ತನ್ನ ತಾಯಿಯ ಕಡೆ ನೋಡಿದ. ತಫೀದಾ ಕಡಲೆಕಾಯಿ ಎಣಿಸುವವಳ ಹಾಗೆ ತಲೆ ತಗ್ಗಿಸಿಕೊಂಡಿದ್ದಳು.

ಎದ್ದು ಹೋಗಿ ಗುಂಡನ್ನು ಅವಳ ಕೈಗಿಟ್ಟೆ. "ಮೂರು ಸಲ ಕುಟ್ಟಿ. ಮೂರೇ."

ಐದು ಸಲ ಕುಟ್ಟಿದಳು.

ಹೊರಡುವಾಗ ನನ್ನನ್ನು ಅಡುಗೆಮನೆಗೆ ಎಳೆದಳು. "ಉಮ್ ರಬಾಬ್, ಏನ್ ಮಾಡಿದ್ರಿ ಹೇಳಿ. ಯಾರಿಗೂ ಹೇಳಲ್ಲ. ನಾನು ನಮ್ಮನೆ ಇರೋ ಐದನೇ ಮಹಡಿಯಿಂದ ಈ ಆರನೇ ಮಹಡಿಗೆ ಹತ್ತೋದು ಬಿಟ್ರೆ, ರಂಜಾನಿನಿಂದ ಕೆಳಗೇ ಇಳಿದಿಲ್ಲ. ತೊಡೆ ಏಳೋದೇ ಇಲ್ಲ."

ಅಯ್ಯೋ ಪಾಪ ಅನ್ನಿಸಿತು. ಇಷ್ಟು ದಿನ ಇವಳನ್ನು ಬೈದದ್ದೆಲ್ಲ ವಾಪಸು ತೆಗೆದುಕೊಳ್ಳಲೇ ಎಂದೂ ಅನ್ನಿಸಿತು. ಅರ್ಧ ತೆಗೆದುಕೊಂಡೆ.

"ಕುರ್ಚಿ ಇದೆಯಾ ಮನೇಲಿ?" ಎಂದೆ. "ಕೆಳಗೆ ನಾಲ್ಕು ಜನ ಒಂದು ಇಟ್ಕೊಂಡು ನಿಂತಿದಾರೆ. ತರಿಸ್ಕೊಳ್ಳಿ."

ನವೆಂಬರ್ 19, ಬುಧವಾರ

ನೋವು. ತೊಡೆ ಅಳೆಯೋಣವೆಂದರೆ ಟೇಪು ಇಂಬಾಬಾದಲ್ಲೇ ಉಳಿದಿದೆ.

ಬೆಳಿಗ್ಗೆ ತಫೀದಾ ಫೋನು: "ಎಂಬತ್ತೊಂದು ಬರ್ತಿದೆ! ಟೇಪು ಸರಿಯಾಗಿದೆಯಾ?" ಸಡಿಲ ಬಿಟ್ಟು ಅಳೆಯಿರಿ, ಎಳೆಯಬೇಡಿ ಎಂದೆ. "ಎಳೆದೇ ಎಂಬತ್ತೊಂದು," ಎಂದಳು.

ನವೆಂಬರ್ 27, ಗುರುವಾರ

ಟೇಪು ಇನ್ನೂ ಬಂದಿಲ್ಲ. ತಫೀದಾ ಬಿಟ್ಟುಕೊಡುತ್ತಿಲ್ಲ.

ಬೆಳಿಗ್ಗೆ ಚಹಾದಂಗಡಿಯವನಿಗೆ ಅವನ ಕುರ್ಚಿ ಕೊಟ್ಟು ಬಂದೆ. ಮೊಳೆ ಹೊಡೆದ ಕಾಲು ನೋಡಿ ಮುಖ ಸಿಂಡರಿಸಿದ. ಅದರ ಮೇಲೆ ನಾನೇ ಕೂತು ಒಂದು ಚಹಾ ಕುಡಿದು ತೋರಿಸಿದೆ.

ಮಧ್ಯಾಹ್ನ ರಬಾಬ್ ಬರುತ್ತಾಳೆ, ಪುಟ್ಟ ಸಾಬಿರನನ್ನು ಕರೆದುಕೊಂಡು. ಮುಲುಖಿಯಾ ಸೊಪ್ಪು ಹೆಚ್ಚಿಟ್ಟು, ಒಗ್ಗರಣೆಗೆ ಕುಟ್ಟಾಣಿ ತೆಗೆದರೆ ಬೆಳ್ಳುಳ್ಳಿ ಇಲ್ಲ. ಹೋಗಿ ತಂದೆ. ಕುಟ್ಟಲು ಕೂತರೆ ಕೊತ್ತಂಬರಿ ಬೀಜವೂ ಇಲ್ಲ. ತಲೆ ಚಚ್ಚಿಕೊಂಡು ಮತ್ತೆ ಹೋದೆ.

ಬಯ್ಯೂಮಿ ಕೊತ್ತಂಬರಿ ಕಟ್ಟುತ್ತ ನನ್ನ ಬಾಲ್ಕನಿಯ ಕಡೆ ನೋಡಿದ. "ಯಾಕಮ್ಮಾ, ಎರಡೆರಡು ಸಲ ಇಳಿದು ಬರ್ತಿದೀರ? ಹಗ್ಗ ತುಂಡಾಯ್ತಾ?"

"ಯಾವ ಹಗ್ಗ?" ಎಂದೆ.